ಕ್ಯೂಬ್ ಒಡೆಯುವ ಮಿಷಿನ್‌ನ ನಂಬರ್ ನಂಬುವುದು ಹೇಗೆ? ಕ್ಯಾಲಿಬ್ರೇಷನ್, ಗಣಿತ ಮತ್ತು ನಮ್ಮ ದಾವಣಗೆರೆ-ಚಿತ್ರದುರ್ಗದ ಲ್ಯಾಬ್‌ಗಳು

ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೊರಟರೆ ಕಣ್ಣಿಗೆ ಬೀಳುವುದೆಲ್ಲ ಕಾಂಕ್ರೀಟೇ. ಹೈವೇ 48ರ ಸೇತುವೆಗಳು, ತುಮಕೂರು-ದಾವಣಗೆರೆ ಹೊಸ ರೈಲು ಮಾರ್ಗ, ಭದ್ರಾ ಮೇಲ್ದಂಡೆಯ ಕಾಲುವೆಗಳು, ದುರ್ಗದ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳ ಪಾಯ. ಇಂಥ ಕೆಲಸಗಳಿಗೆಲ್ಲ 150 ಮಿಲಿಮೀಟರ್ ಅಳತೆಯ ಕ್ಯೂಬ್ ಎರಕ ಹೊಯ್ಯುತ್ತಾರೆ, 28 ದಿನ ನೀರಲ್ಲಿ ಇಡುತ್ತಾರೆ, ಕಂಪ್ರೆಷನ್ ಮಿಷಿನ್‌ಗೆ ಕೊಟ್ಟು ಒಡೆಯುತ್ತಾರೆ. ಡಿಸ್‌ಪ್ಲೇನಲ್ಲಿ ಒಂದು ನಂಬರ್ ಬರುತ್ತದೆ. ಆ ನಂಬರ್ ಮೇಲೆ ಬಿಲ್ ಪಾಸಾಗುತ್ತದೆ, ಇಲ್ಲವೇ ಕೆಲಸ ನಿಲ್ಲುತ್ತದೆ.

ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಅದು ಇಲ್ಲದಿದ್ದರೆ ರೈತ ಕೇಳಬಹುದು. ಕ್ಯೂಬ್ ಒಡೆಯುವ ಮಿಷಿನ್‌ಗೆ ಹಾಗೆ ನಿಂತು ಕೇಳುವ ರೈತ ಇಲ್ಲ. ಅಲ್ಲಿರುವುದು ಒಂದು ಕ್ಯಾಲಿಬ್ರೇಷನ್ ಸರ್ಟಿಫಿಕೇಟ್. ವರ್ಷಕ್ಕೊಮ್ಮೆ ಏಜೆನ್ಸಿಯವರು ಬಲ ಅಳೆಯುವ ತಮ್ಮ ಉಪಕರಣ, ಅಂದರೆ ಲೋಡ್ ಸೆಲ್ ಅಥವಾ ಪ್ರೂವಿಂಗ್ ರಿಂಗ್ ತಂದು ಮಿಷಿನ್ ಒಳಗೆ ಇಟ್ಟು ಹೋಲಿಸಿ ನೋಡಿ, ಒಂದೆರಡು ಹಾಳೆ ಕೊಟ್ಟು ಹೋಗುತ್ತಾರೆ. ಹಾಳೆ ಫೈಲಿಗೆ ಹೋಗುತ್ತದೆ. ಇನ್‌ಸ್ಪೆಕ್ಷನ್‌ಗೆ ಬಂದವರು ದಿನಾಂಕ ನೋಡುತ್ತಾರೆ, ಸರಿ ಅನ್ನುತ್ತಾರೆ. ಹಾಳೆಯೊಳಗಿನ ಅಂಕಿಗಳನ್ನು ಮಾತ್ರ ಯಾರೂ ಬಳಸುವುದಿಲ್ಲ.

ಈಗ ಈ ಕೆಲಸವನ್ನು ಕಂಪ್ಯೂಟರ್‌ಗೆ ಒಪ್ಪಿಸಬಹುದು ಎಂಬ ಮಾತು ಜೋರಾಗಿದೆ. ಗಣಿತದ ಮಾಡೆಲ್ ಇರುತ್ತದೆ, ರೀಡಿಂಗ್ ತಾನೇ ತಗೊಳ್ಳುತ್ತದೆ, ತಪ್ಪನ್ನು ತಾನೇ ತಿದ್ದುತ್ತದೆ, ಮುಂದಿನ ಕ್ಯಾಲಿಬ್ರೇಷನ್ ಯಾವಾಗ ಅಂತಲೂ ತಾನೇ ಹೇಳುತ್ತದೆ ಅನ್ನುತ್ತಾರೆ. ಇದರಲ್ಲಿ ಬಹುಪಾಲು ನಿಜ. ನನ್ನ ವಾದ ಇಷ್ಟೇ. ಮಾಡೆಲ್ ಶುರುವಾಗಬೇಕಾದದ್ದು ಹೊಸ ಸಾಫ್ಟ್‌ವೇರ್ ಖರೀದಿಯಿಂದ ಅಲ್ಲ, ನಮ್ಮ ಫೈಲ್‌ಗಳಲ್ಲಿ ಸುಮ್ನೆ ಬಿದ್ದಿರುವ ಹಳೆಯ ಸರ್ಟಿಫಿಕೇಟ್‌ಗಳಿಂದ. ಮತ್ತೆ, ಆ ಮಾಡೆಲ್ ತನ್ನ ಅನುಮಾನ ಎಷ್ಟು ಅಂತ ಹೇಳದಿದ್ದರೆ ಅದನ್ನು ಬಳಸಲೇಬಾರದು.

ಮೊದಲು ಸರ್ಟಿಫಿಕೇಟ್‌ನಲ್ಲಿ ಏನಿರುತ್ತದೆ ನೋಡೋಣ. ಇಂಥ ಮಿಷಿನ್‌ಗಳ ಕ್ಯಾಲಿಬ್ರೇಷನ್‌ಗೆ ನಮ್ಮಲ್ಲಿ ಐಎಸ್ 1828 ಎಂಬ ಮಾನದಂಡ ಇದೆ, ಜಗತ್ತಿನಲ್ಲಿ ಐಎಸ್ಒ 7500-1. ಮಿಷಿನ್ ಸಾಮರ್ಥ್ಯದ 20%ರಿಂದ 100%ರ ತನಕ ಕನಿಷ್ಠ ಐದು ಲೋಡ್‌ಗಳಲ್ಲಿ, ಮೂರು ಸಲ ಏರಿಸಿ ನೋಡಬೇಕು. ಒಟ್ಟು 15 ರೀಡಿಂಗ್. ತಪ್ಪು ±1% ಒಳಗಿದ್ದರೆ, ಉಳಿದ ಷರತ್ತುಗಳೂ ಸರಿಯಿದ್ದರೆ, ಕ್ಲಾಸ್ 1.

ಒಂದು ಉದಾಹರಣೆ ಕಟ್ಟೋಣ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಇಟ್ಟಿದ್ದೇನೆ. 2000 ಕಿಲೋನ್ಯೂಟನ್ ಮಿಷಿನ್. ಡಿಸ್‌ಪ್ಲೇ 400 ತೋರಿಸಿದಾಗ ಮಿಷಿನ್ 4 ಕಿಲೋನ್ಯೂಟನ್ ಜಾಸ್ತಿ ಹೇಳುತ್ತಿದೆ. 800ರಲ್ಲಿ 6 ಜಾಸ್ತಿ, 1200ರಲ್ಲೂ 6, 1600ರಲ್ಲಿ 4, 2000ದಲ್ಲಿ ಸೊನ್ನೆ. ಎಲ್ಲವೂ 1% ಒಳಗಿವೆ, ಮಿಷಿನ್ ಪಾಸ್. ಫೈಲಿಗೆ ಹಾಕಿ ಮರೆಯಬಹುದು, ಅಲ್ವಾ?

ಸ್ವಲ್ಪ ನಿಲ್ಲಿ. ಎಂ25 ಕಾಂಕ್ರೀಟ್‌ನ ಕ್ಯೂಬ್ ಚದರ ಮಿಲಿಮೀಟರ್‌ಗೆ 25 ನ್ಯೂಟನ್ ತಡೆಯಬೇಕು, ಅಂದರೆ 22,500 ಚದರ ಮಿಲಿಮೀಟರ್ ಮುಖಕ್ಕೆ 562.5 ಕಿಲೋನ್ಯೂಟನ್. ಆ ಲೋಡ್‌ನಲ್ಲಿ ಮಿಷಿನ್ ಎಷ್ಟು ತಪ್ಪು ಹೇಳುತ್ತದೆ? ಹಾಳೆಯಲ್ಲಿ ಇಲ್ಲ. 400 ಇದೆ, 800 ಇದೆ, ನಡುವೆ ಖಾಲಿ. ಮಾಡೆಲ್ ಬೇಕಾಗುವುದು ಇಲ್ಲೇ. ಐದು ಬಿಂದುಗಳ ಮೂಲಕ ಒಂದು ಸರಳ ವಕ್ರರೇಖೆ ಎಳೆಯಿರಿ. ಲೋಡನ್ನು 400ರಿಂದ ಭಾಗಿಸಿ, ಬಂದದ್ದನ್ನು ಐದರಿಂದ ಕಳೆದು, ಆ ಎರಡನ್ನೂ ಗುಣಿಸಿದರೆ ನಮ್ಮ ಉದಾಹರಣೆಯ ತಪ್ಪು ಸಿಗುತ್ತದೆ. 562.5ಕ್ಕೆ ಅದು ಸುಮಾರು 5. ಅಂದರೆ ನಿಜವಾದ ಲೋಡ್ 557.5ರ ಹತ್ತಿರ, ಶಕ್ತಿ 24.8. ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ ಮೂರು ಕ್ಯೂಬ್‌ಗಳ ಸರಾಸರಿ ತೆಗೆದರೂ, ಕಾಂಕ್ರೀಟ್ ಕೆಲಸದ ಮಾನದಂಡ ಐಎಸ್ 456 ಹೇಳುವಂತೆ ನಾಲ್ಕು ಸ್ಯಾಂಪಲ್‌ಗಳ ಸರಾಸರಿ ನೋಡಿದರೂ ಈ ತಪ್ಪು ಹೋಗುವುದಿಲ್ಲ. ಕ್ಯೂಬ್‌ನಿಂದ ಕ್ಯೂಬ್‌ಗೆ ಬರುವ ಏರುಪೇರು ಸರಾಸರಿಯಲ್ಲಿ ಕರಗುತ್ತದೆ. ಎಲ್ಲ ಕ್ಯೂಬ್‌ಗಳನ್ನೂ ಅದೇ ಮಿಷಿನ್ ಒಡೆದಿದೆ, ಹಾಗಾಗಿ ಮಿಷಿನ್‌ನ ತಪ್ಪು ಹಾಗೇ ಉಳಿಯುತ್ತದೆ.

ಇನ್ನೂ ಒಂದು ಮಾತು, ಇದನ್ನು ಲ್ಯಾಬ್‌ನವರು ಗಮನಿಸಲೇಬೇಕು. ನಮ್ಮಲ್ಲಿ ಹೆಚ್ಚಾಗಿ ಬರುವುದು ಎಂ20, ಎಂ25, ಎಂ30. ಲೋಡ್ ಲೆಕ್ಕದಲ್ಲಿ 450ರಿಂದ 675, ಮಿಕ್ಸ್ ಚೆನ್ನಾಗಿದ್ದರೆ 800ರ ತನಕ. ಅಂದರೆ 2000ದ ಮಿಷಿನ್‌ನಲ್ಲಿ ದಿನಾ ಬಳಸುವುದು ಒಂದು ಸಣ್ಣ ಪಟ್ಟಿಯನ್ನು ಮಾತ್ರ. ಕ್ಯಾಲಿಬ್ರೇಷನ್‌ನ ಐದು ಬಿಂದುಗಳಲ್ಲಿ ಎರಡು ಮಾತ್ರ ಆ ಪಟ್ಟಿಯ ಆಜೂಬಾಜು ಬರುತ್ತವೆ, ಉಳಿದ ಮೂರು ನಾವು ಮುಟ್ಟದ ಜಾಗದಲ್ಲಿವೆ. ಏಳನೇ ದಿನದ ಟೆಸ್ಟ್ ನೋಡಿ. ಎಂ20 ಕ್ಯೂಬ್ ಏಳು ದಿನಕ್ಕೆ ಮೂರರಲ್ಲಿ ಎರಡು ಭಾಗ ಶಕ್ತಿ ಪಡೆದಿದ್ದರೆ ಸುಮಾರು 300 ಕಿಲೋನ್ಯೂಟನ್‌ಗೆ ಒಡೆಯುತ್ತದೆ. ಅದು 20%ಕ್ಕಿಂತ ಕೆಳಗೆ. ಅಲ್ಲಿ ಮಿಷಿನ್ ಹೇಗಿದೆ ಅಂತ ಆ ಸರ್ಟಿಫಿಕೇಟ್ ಒಂದು ಮಾತೂ ಹೇಳಿರುವುದಿಲ್ಲ. ಮಾಡೆಲ್ ಗೆರೆಯನ್ನು ಕೆಳಕ್ಕೆ ಎಳೆದು ಒಂದು ಉತ್ತರ ಕೊಟ್ಟೇ ಕೊಡುತ್ತದೆ, ಆದರೆ ಅದು ಊಹೆ. ಕಡಿಮೆ ಲೋಡ್‌ನಲ್ಲಿ ಪಿಸ್ಟನ್‌ನ ಘರ್ಷಣೆಯ ಪಾಲು ದೊಡ್ಡದಾಗುವುದರಿಂದ, ಮೇಲಿನ ಬಿಂದುಗಳಿಂದ ಕಲಿತ ಗೆರೆ ಕೆಳಗೆ ಹಾಗೇ ಮುಂದುವರಿಯುತ್ತದೆ ಅನ್ನುವಂತಿಲ್ಲ. ಒಳ್ಳೆಯ ಸಾಫ್ಟ್‌ವೇರ್ ಆದರೆ ಅಲ್ಲಿ ನಿಂತು ‘ಇಲ್ಲಿ ನನಗೆ ಡೇಟಾ ಇಲ್ಲ’ ಅನ್ನಬೇಕು.

ಗಣಿತದಿಂದ ಕ್ಯಾಲಿಬ್ರೇಷನ್ ಮಾಡುವುದು ಹೊಸದೇನಲ್ಲ. ರೇಡಿಯೋ ತರಂಗಗಳನ್ನು ಅಳೆಯುವ ನೆಟ್‌ವರ್ಕ್ ಅನಲೈಜರ್‌ನ ಕೇಬಲ್, ಕನೆಕ್ಟರ್‌ಗಳ ತಪ್ಪನ್ನು ಯಾರೂ ಸ್ಕ್ರೂ ತಿರುಗಿಸಿ ಸರಿಮಾಡುವುದಿಲ್ಲ. ಷಾರ್ಟ್, ಓಪನ್, ಲೋಡ್ ಎಂಬ ಮೂರು ಗೊತ್ತಿರುವ ತುದಿಗಳನ್ನು ಒಂದಾದ ಮೇಲೊಂದು ಜೋಡಿಸಿ, ಎರಡು ಪೋರ್ಟ್‌ಗಳನ್ನು ನೇರ ಕೂಡಿಸಿ ಅಳೆದರೆ, ಉಪಕರಣದ ತಪ್ಪನ್ನು 12 ಪದಗಳ ಸಮೀಕರಣವಾಗಿ ಬಿಡಿಸಿ ಪ್ರತಿ ರೀಡಿಂಗ್‌ನಿಂದ ಕಳೆಯಲಾಗುತ್ತದೆ. ಅಮೆರಿಕದ ಮಾಪನ ಸಂಸ್ಥೆ ಎನ್ಐಎಸ್‌ಟಿಯವರು ಇನ್ನೊಂದು ದಾರಿ ತೋರಿಸಿದರು. ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ 13 ಬಿಟ್‌ನ ಪರಿವರ್ತಕದಲ್ಲಿ 8192 ಮಟ್ಟಗಳಿರುತ್ತವೆ. ಒಂದೊಂದನ್ನೂ ಅಳೆಯಬೇಕಿಲ್ಲ. ತಪ್ಪುಗಳು ಹುಟ್ಟುವುದು ಒಳಗಿನ ಕೆಲವೇ ಭಾಗಗಳಿಂದ, ಹಾಗಾಗಿ ಸರಿಯಾಗಿ ಆರಿಸಿದ ಸ್ವಲ್ಪ ಮಟ್ಟಗಳನ್ನು ಅಳೆದು ಉಳಿದದ್ದನ್ನು ಲೆಕ್ಕದಿಂದ ತಿಳಿಯಬಹುದು. ಚಳ್ಳಕೆರೆ ಹತ್ತಿರದ ಡಿಆರ್‌ಡಿಒ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ 2023 ಮತ್ತು 2024ರಲ್ಲಿ ಇಸ್ರೋದ ಪುಷ್ಪಕ್ ತಾನೇ ಇಳಿದಾಗ ನಮ್ಮ ಜಿಲ್ಲೆಯವರೆಲ್ಲ ಹೆಮ್ಮೆಪಟ್ಟೆವು. ಅಂಥ ವಾಹನದ ಸೆನ್ಸರ್ ಕೊಡುವುದು ಬರೀ ವೋಲ್ಟೇಜ್. ಅದನ್ನು ಒತ್ತಡ, ಎತ್ತರ, ಉಷ್ಣತೆ ಅಂತ ಓದಲು ಬೇಕಾಗುವುದು ಮೊದಲೇ ಕ್ಯಾಲಿಬ್ರೇಟ್ ಮಾಡಿ ಪಡೆದ ಗುಣಾಂಕಗಳು.

ಮಾಡೆಲ್ ಅಂದರೆ ಬರೀ ಗೆರೆ ಎಳೆಯುವುದು ಅಂತಲೂ ತಿಳಿಯಬೇಡಿ. ತಪ್ಪಿನ ಕಾರಣ ಮಾಡೆಲ್ ಒಳಗೆ ಇದ್ದರೆ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಕ್ಯೂಬ್‌ಗಳನ್ನು ಇಡುವ ನೀರಿನ ತೊಟ್ಟಿ 27±2 ಡಿಗ್ರಿ ಇರಬೇಕು. ಅದರಲ್ಲಿರುವ, ಉಷ್ಣತೆ ಅಳೆಯುವ ಪಿಟಿ100 ಸೆನ್ಸರ್‌ನ ರೋಧ ಸೊನ್ನೆ ಡಿಗ್ರಿಯಲ್ಲಿ 100 ಓಮ್, 27ರಲ್ಲಿ 110.51 ಓಮ್. ಒಂದು ಡಿಗ್ರಿಗೆ ಸುಮಾರು 0.39 ಓಮ್ ಏರುತ್ತದೆ. ಎರಡೇ ವೈರ್ ಹಾಕಿ ದೂರದ ಮೀಟರ್‌ಗೆ ಎಳೆದರೆ, ಆ ವೈರ್‌ನ ರೋಧ 0.4 ಓಮ್ ಇದ್ದರೂ ಸಾಕು, ಮೀಟರ್ ಒಂದು ಡಿಗ್ರಿ ಜಾಸ್ತಿ ತೋರಿಸುತ್ತದೆ. ಇದು ಗೊತ್ತಿದ್ದರೆ ತಿದ್ದುಪಡಿಯೂ ಗೊತ್ತು, ಮೂರು ವೈರ್ ಹಾಕಬೇಕು ಎಂಬ ಪರಿಹಾರವೂ ಗೊತ್ತು.

ಉಷ್ಣತೆಯ ಮಾತು ಬಂತು, ಅದು ನಮ್ಮೂರಿನ ದೊಡ್ಡ ವಿಷಯ. ಐಎಸ್ಒ 7500-1 ಪ್ರಕಾರ ಕ್ಯಾಲಿಬ್ರೇಷನ್ 10ರಿಂದ 35 ಡಿಗ್ರಿ ನಡುವೆ ಆಗಬೇಕು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಶೀಟ್ ಹೊದಿಸಿದ ಲ್ಯಾಬ್ ಒಳಗೆ ಎಷ್ಟಿರುತ್ತದೆ ಅಂತ ದಾವಣಗೆರೆಯವರಿಗೆ ಹೇಳಬೇಕಿಲ್ಲ. ಡಿಸೆಂಬರ್‌ನಲ್ಲಿ 23 ಡಿಗ್ರಿಯಲ್ಲಿ ಪಡೆದ ಸರ್ಟಿಫಿಕೇಟ್ ಹಿಡಿದು ಬೇಸಿಗೆಯಲ್ಲಿ 38 ಡಿಗ್ರಿಯಲ್ಲಿ ಕ್ಯೂಬ್ ಒಡೆಯುತ್ತೇವೆ. ಒಳ್ಳೆಯ ಲೋಡ್ ಸೆಲ್ ಆದರೆ ಒಳಗೇ ಉಷ್ಣತೆಯ ಸರಿದೂಗಿಸುವಿಕೆ ಇರುತ್ತದೆ, ಚಿಂತೆ ಕಡಿಮೆ. ಹಳೆಯ ಮಿಷಿನ್‌ನ ಮುಳ್ಳಿನ ಗೇಜ್ ಆದರೆ ಕಥೆ ಬೇರೆ. ಅಂಥ ಬೋರ್ಡನ್ ಗೇಜ್‌ಗಳಿಗೆ 10 ಡಿಗ್ರಿ ಬದಲಾದರೆ ಪೂರ್ಣ ಅಳತೆಯ 0.4% ತನಕ ವ್ಯತ್ಯಾಸ ಬರಬಹುದು ಅಂತ ಆ ಗೇಜ್‌ಗಳ ಮಾನದಂಡವೇ ಒಪ್ಪುತ್ತದೆ. 15 ಡಿಗ್ರಿಗೆ 0.6%. 2000ದಲ್ಲಿ 0.6% ಅಂದರೆ 12 ಕಿಲೋನ್ಯೂಟನ್. ಆದರೆ ನಾವು ಒಡೆಯುವುದು 562ರಲ್ಲಿ, ಅಲ್ಲಿ ಅದೇ 12 ಎರಡು ಶೇಕಡಕ್ಕಿಂತ ಜಾಸ್ತಿ. ಕ್ಲಾಸ್ 1 ಅಂತ ಬರೆದ ಹಾಳೆ ಗೋಡೆ ಮೇಲೆ ಇದ್ದೂ ಹೀಗಾಗಬಹುದು. ಪ್ರತಿ ಟೆಸ್ಟ್ ಜೊತೆ ಲ್ಯಾಬ್‌ನ ಉಷ್ಣತೆಯನ್ನೂ ಬರೆದಿಟ್ಟರೆ, ಮಾಡೆಲ್‌ನಲ್ಲಿ ಅದೂ ಒಂದು ಅಂಶವಾಗಿ ಬರುತ್ತದೆ. ಬರೆದಿಡದಿದ್ದರೆ ಯಾವ ಗಣಿತವೂ ಅದನ್ನು ಮರಳಿ ತರಲಾರದು.

ಇನ್ನು ಆಟೊಮೇಷನ್ ಅಂದರೆ ನಿಜಕ್ಕೂ ಏನು ನಡೆಯುತ್ತದೆ? ಲೋಡನ್ನು ಕಂಪ್ಯೂಟರ್ ಹೇಳಿದಂತೆ ಏರಿಸುವ ಸರ್ವೋ ಕಂಟ್ರೋಲ್ ಇರುವ ಮಿಷಿನ್ ಆದರೆ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಸಾಕು. ಅದು ಲೋಡ್ ಏರಿಸಲು ಹೇಳುತ್ತದೆ, ಮಿಷಿನ್ನಿನದು ಮತ್ತು ಲೋಡ್ ಸೆಲ್ಲಿನದು ಎರಡೂ ಇಂಡಿಕೇಟರ್ ಸ್ಥಿರವಾಗುವ ತನಕ ಕಾಯುತ್ತದೆ, ಎರಡನ್ನೂ ಒಂದೇ ಕ್ಷಣದಲ್ಲಿ ಓದಿಕೊಳ್ಳುತ್ತದೆ. ಕೈಯಲ್ಲಿ ಮಾಡುವಾಗ ಒಬ್ಬರು ಒಂದು ಡಿಸ್‌ಪ್ಲೇ ನೋಡಿ ಕೂಗುತ್ತಾರೆ, ಇನ್ನೊಬ್ಬರು ಇನ್ನೊಂದನ್ನು ನೋಡಿ ಬರೆಯುತ್ತಾರೆ, ಅಷ್ಟರಲ್ಲಿ ಲೋಡ್ ಜಾರಿರುತ್ತದೆ. ಈ ತೊಂದರೆ ತಪ್ಪುತ್ತದೆ. ಕೈಯಿಂದ ವಾಲ್ವ್ ತಿರುಗಿಸುವ ಮಿಷಿನ್‌ನಲ್ಲಿ ಲೋಡ್ ಏರಿಸುವುದು ಮನುಷ್ಯರೇ ಆದರೂ, ಓದುವುದು ಮತ್ತು ಲೆಕ್ಕ ಹಾಕುವುದನ್ನು ಕಂಪ್ಯೂಟರ್‌ಗೆ ಬಿಡಬಹುದು. ಆಮೇಲೆ ವಕ್ರರೇಖೆ, ಉಳಿಕೆ ತಪ್ಪು (ಗೆರೆಗೂ ಅಳೆದದ್ದಕ್ಕೂ ಇರುವ ಅಂತರ), ಅನಿಶ್ಚಿತತೆ (ಅಳತೆಯ ಮೇಲೆ ಎಷ್ಟು ಅನುಮಾನ), ಸರ್ಟಿಫಿಕೇಟ್‌ನ ಕರಡು, ಎಲ್ಲ ಒಂದು ಗುಂಡಿಗೆ.

ಅಪಾಯ ಇರುವುದೂ ಇಲ್ಲೇ. ಐದು ಬಿಂದುಗಳಿಗೆ ನಾಲ್ಕನೇ ಘಾತದ ಬಹುಪದಿ ಹಾಕಿದರೆ ಗೆರೆ ಎಲ್ಲ ಬಿಂದುಗಳ ಮೇಲೂ ಸರಿಯಾಗಿ ಹಾಯುತ್ತದೆ. ಸಾಫ್ಟ್‌ವೇರ್ ‘ಉಳಿಕೆ ಸೊನ್ನೆ’ ಅಂತ ತೋರಿಸುತ್ತದೆ, ನೋಡಿದವರಿಗೆ ಖುಷಿ. ಆದರೆ ಆ ಗೆರೆ ಮಿಷಿನ್‌ನ ಸ್ವಭಾವವನ್ನು ಕಲಿತಿಲ್ಲ, ಆವತ್ತಿನ ರೀಡಿಂಗ್‌ಗಳ ನಡುಕವನ್ನು ಬಾಯಿಪಾಠ ಮಾಡಿದೆ ಅಷ್ಟೇ. ಪರೀಕ್ಷೆ ಸುಲಭ. 800ರ ಬಿಂದುವನ್ನು ಮುಚ್ಚಿಡಿ, ಉಳಿದ ನಾಲ್ಕರಿಂದ ಗೆರೆ ಎಳೆಯಿರಿ, 800ರಲ್ಲಿ ಅದು ಏನು ಹೇಳುತ್ತದೆ ನೋಡಿ. ಅಳೆದದ್ದಕ್ಕೂ ಹೇಳಿದ್ದಕ್ಕೂ ಇರುವ ಅಂತರ ನಿಮ್ಮ ಅನಿಶ್ಚಿತತೆಯೊಳಗೆ ಬಂದರೆ ಮಾಡೆಲ್ ನಂಬಬಹುದು. ಎರಡನೇ ಘಾತದಲ್ಲೇ ಇದು ಆಗುತ್ತಿದ್ದರೆ ಮೇಲಕ್ಕೆ ಹೋಗಲೇಬೇಡಿ.

ಹಳೆಯ ಸರ್ಟಿಫಿಕೇಟ್‌ಗಳ ಬೆಲೆ ತಿಳಿಯುವುದು ಡ್ರಿಫ್ಟ್, ಅಂದರೆ ಮಿಷಿನ್ ವರ್ಷದಿಂದ ವರ್ಷಕ್ಕೆ ಎಷ್ಟು ಸರಿಯುತ್ತಿದೆ ಅಂತ ನೋಡುವಾಗ. ಅದೇ ಮಿಷಿನ್, 800 ಬಿಂದು, ಐದು ವರ್ಷದ ತಪ್ಪುಗಳು 2, 2.5, 4.5, 4.5, 6 ಅಂತಿರಲಿ. ಮಿತಿ 1%, ಅಂದರೆ 8. ಗೆರೆ ಎಳೆದರೆ ವರ್ಷಕ್ಕೆ 1 ಏರುತ್ತಿದೆ, ಮುಂದಿನ ವರ್ಷ 6.9. ಬರೀ ಗೆರೆ ನೋಡುವ ಸಾಫ್ಟ್‌ವೇರ್ ‘ಇನ್ನೊಂದು ವರ್ಷ ಆರಾಮ’ ಅನ್ನುತ್ತದೆ. ಆದರೆ ಐದೇ ಬಿಂದುಗಳಿಂದ ಎಳೆದ ಗೆರೆ ಅದು. ಇಷ್ಟು ಕಡಿಮೆ ಡೇಟಾ ಇದ್ದಾಗ 95% ಭರವಸೆಗೆ ಅಂದಾಜಿನ ಏರುಪೇರನ್ನು ಎರಡರಿಂದ ಗುಣಿಸಿದರೆ ಸಾಲದು, 3.18ರಿಂದ ಗುಣಿಸಬೇಕು. ಲೆಕ್ಕ ಹಾಕಿದರೆ ಮುಂದಿನ ವರ್ಷದ ಅಂದಾಜು 6.9±2.2. ಮೇಲಿನ ಅಂಚು 9.1, ಮಿತಿಯ ಆಚೆ. ಅವಧಿಯನ್ನು ಆರು ತಿಂಗಳಿಗೆ ಇಳಿಸಿದರೂ ಅಂಚು 8.5. ಹಾಗಾದರೆ ದಿನಾಂಕ ಹಿಂದೆ ಮುಂದೆ ಮಾಡಿ ಪ್ರಯೋಜನವಿಲ್ಲ. ಈಗಲೇ ಮಿಷಿನ್ ಅಡ್ಜಸ್ಟ್ ಮಾಡಿಸಬೇಕು, ಇಲ್ಲವೇ ನಡುನಡುವೆ ಪ್ರೂವಿಂಗ್ ರಿಂಗ್ ಇಟ್ಟು ನೋಡುತ್ತಿರಬೇಕು. ಒಂದೇ ಸರ್ಟಿಫಿಕೇಟ್ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಅದರಲ್ಲಿ 800ಕ್ಕೆ 6, ಅಂದರೆ 0.75%, ಪಾಸ್ ಅಂತ ಅಷ್ಟೇ ಇತ್ತು.

ಅಡ್ಜಸ್ಟ್ ಮಾಡಿಸುವಾಗ ಒಂದು ತಪ್ಪು ಬಹಳ ಕಡೆ ಆಗುತ್ತದೆ. ಬಂದ ಟೆಕ್ನಿಷಿಯನ್ ಮೊದಲು ಮಿಷಿನ್ ತಿದ್ದಿ, ಆಮೇಲೆ ರೀಡಿಂಗ್ ತೆಗೆದು, ಚಂದದ ಹಾಳೆ ಕೊಟ್ಟು ಹೋಗುತ್ತಾರೆ. ತಿದ್ದುವ ಮೊದಲು ಮಿಷಿನ್ ಹೇಗಿತ್ತು ಎಂಬುದು ಎಲ್ಲೂ ಉಳಿಯುವುದಿಲ್ಲ. ಹಿಂದಿನ ವರ್ಷ ಒಡೆದ ಕ್ಯೂಬ್‌ಗಳ ನಂಬರ್ ಸರಿಯಿತ್ತಾ ಅಂತ ಹೇಳಬಲ್ಲ ಒಂದೇ ಸಾಕ್ಷಿ ಹೋಯಿತು, ಡ್ರಿಫ್ಟ್ ಮಾಡೆಲ್‌ಗೆ ಬೇಕಾದ ಬಿಂದುವೂ ಹೋಯಿತು. ತಾನೇ ಅಡ್ಜಸ್ಟ್ ಮಾಡಿಕೊಳ್ಳುವ ಆಟೊಮ್ಯಾಟಿಕ್ ವ್ಯವಸ್ಥೆಯಲ್ಲಿ ಈ ಅಪಾಯ ಇನ್ನೂ ಜಾಸ್ತಿ, ಯಾಕಂದರೆ ಅದು ಸದ್ದಿಲ್ಲದೆ ತಿದ್ದುತ್ತದೆ. ತಿದ್ದುವ ಮೊದಲಿನ ರೀಡಿಂಗ್, ತಿದ್ದಿದ ನಂತರದ ರೀಡಿಂಗ್, ಎರಡನ್ನೂ ಅಳಿಸಲಾಗದಂತೆ ಉಳಿಸದ ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ದರೂ ಬೇಡ ಅನ್ನುತ್ತೇನೆ.

ಪಾಸ್-ಫೇಲ್ ತೀರ್ಮಾನವೂ ಹಾಗೇ. ನಮ್ಮ ಉದಾಹರಣೆಯಲ್ಲಿ 400ರ ತಪ್ಪು ಸರಿಯಾಗಿ 1%. ಅಳತೆಯ ಅನಿಶ್ಚಿತತೆ 0.4% ಇದ್ದರೆ ನಿಜವಾದ ತಪ್ಪು 1.4% ಇದ್ದರೂ ಇರಬಹುದು. ಇದನ್ನು ಪಾಸ್ ಅನ್ನಬೇಕಾ? ಲ್ಯಾಬ್‌ಗಳ ಮಾನದಂಡ ಐಎಸ್ಒ 17025ರ 2017ರ ಆವೃತ್ತಿ ಹೇಳುವುದು, ಯಾವ ನಿಯಮದ ಮೇಲೆ ತೀರ್ಮಾನ ಮಾಡುತ್ತೀರಿ ಅಂತ ಮೊದಲೇ ಗಿರಾಕಿ ಜೊತೆ ಮಾತಾಡಿ ಬರೆದಿಡಿ ಅಂತ. ಕೋಡ್ ಬರೆದವರು ತಮಗೆ ತೋಚಿದ ನಿಯಮ ಒಳಗೆ ಸೇರಿಸಿ, ಲ್ಯಾಬ್‌ನವರಿಗೆ ಅದು ಗೊತ್ತೇ ಇಲ್ಲದಿದ್ದರೆ, ಸಹಿ ಹಾಕುವವರು ಯಾವ ಧೈರ್ಯದ ಮೇಲೆ ಹಾಕುತ್ತಾರೆ? ಲ್ಯಾಬ್‌ನಲ್ಲೇ ಮಾಡಿಕೊಂಡ ಎಕ್ಸೆಲ್ ಶೀಟ್ ಆದರೂ ಅದರ ಲೆಕ್ಕ ಪರೀಕ್ಷಿಸಿ ದಾಖಲೆ ಇಡಬೇಕು ಅಂತ ಅದೇ ಮಾನದಂಡ ಕೇಳುತ್ತದೆ.

‘ಎಐ ಇದೆ, ಹೊರಗಿನ ಕ್ಯಾಲಿಬ್ರೇಷನ್ ಇನ್ನು ಬೇಡ’ ಎಂಬ ಮಾತಿಗೆ ಮರುಳಾಗಬೇಡಿ. ತನ್ನ ತಕ್ಕಡಿಯಲ್ಲಿ ತನ್ನದೇ ಕಲ್ಲನ್ನು ತೂಗಿ ಸರಿಯಿದೆ ಅನ್ನುವ ವ್ಯಾಪಾರಿಗೂ ಇದಕ್ಕೂ ಏನು ವ್ಯತ್ಯಾಸ? ಮಾಡೆಲ್‌ಗೆ ಬರುವ ಒಂದಾದರೂ ನಂಬರ್ ಹೊರಗಿನ ಲೋಡ್ ಸೆಲ್‌ನಿಂದ ಬರಬೇಕು, ಆ ಲೋಡ್ ಸೆಲ್ ಅದಕ್ಕಿಂತ ಮೇಲಿನದಕ್ಕೆ ಹೋಲಿಕೆಯಾಗಿರಬೇಕು, ಆ ಸರಪಳಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಂಥ ರಾಷ್ಟ್ರೀಯ ಮಾಪನ ಸಂಸ್ಥೆಯ ತನಕ ಮುಟ್ಟಬೇಕು. ಎಲ್ಲಿ, ಯಾವಾಗ ಹೋಲಿಸಬೇಕು ಎಂಬುದನ್ನು ಮಾಡೆಲ್ ಹೇಳಬಲ್ಲದು, ಆದರೆ ಹೋಲಿಕೆಯ ಕೆಲಸ ಲೋಡ್ ಸೆಲ್‌ನದೇ.

ಹಾಗಾದರೆ ಇಲ್ಲಿ ಏನು ಮಾಡಬಹುದು? ಎಂಜಿನಿಯರಿಂಗ್ ಕಾಲೇಜುಗಳಿವೆ: ದಾವಣಗೆರೆಯಲ್ಲಿ ಯುಬಿಡಿಟಿ ಇದೆ, ಬಿಐಇಟಿ ಇದೆ, ಚಿತ್ರದುರ್ಗದಲ್ಲಿ ಎಸ್‌ಜೆಎಂಐಟಿ ಇದೆ. 1941ರಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದ ಹರಿಹರದಲ್ಲಿ ಲೇತ್, ಮೈಕ್ರೋಮೀಟರ್ ಹಿಡಿದು ಬೆಳೆದ ಕೈಗಳು ಇನ್ನೂ ಇವೆ. ಮೆಕ್ಯಾನಿಕಲ್, ಸಿವಿಲ್, ಕಂಪ್ಯೂಟರ್ ಸೈನ್ಸ್ ಹುಡುಗ-ಹುಡುಗಿಯರು ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕುತ್ತಿರುತ್ತಾರೆ. ಹಳೆಯ ಸರ್ಟಿಫಿಕೇಟ್‌ಗಳ ಅಂಕಿಗಳನ್ನು ಒಂದು ಶೀಟ್‌ಗೆ ಹತ್ತಿಸಿ ವರ್ಷದಿಂದ ವರ್ಷಕ್ಕೆ ಗ್ರಾಫ್ ಎಳೆಯುವುದು ಒಳ್ಳೆಯ ಪ್ರಾಜೆಕ್ಟ್, ಖರ್ಚೂ ಇಲ್ಲ. ಇದರ ಮುಂದಿನ ಹೆಜ್ಜೆಗೆ ಸ್ವಲ್ಪ ಒಗ್ಗಟ್ಟು ಬೇಕು. ನಾಲ್ಕಾರು ಲ್ಯಾಬ್‌ಗಳು ಸೇರಿ ಬಲ ಅಳೆಯುವ ಉಪಕರಣಗಳ ಮಾನದಂಡ ಐಎಸ್ಒ 376 ಪ್ರಕಾರ ಕ್ಯಾಲಿಬ್ರೇಟ್ ಆದ ಒಂದು ಲೋಡ್ ಸೆಲ್ ಇಟ್ಟುಕೊಂಡು, ಅದು ಲ್ಯಾಬ್‌ನಿಂದ ಲ್ಯಾಬ್‌ಗೆ ತಿರುಗುವಂತೆ ಮಾಡಿದರೆ ಎರಡು ಲಾಭ. ವರ್ಷಕ್ಕೊಂದೇ ಬಿಂದು ಬರುವ ಕಡೆ ಮೂರು ತಿಂಗಳಿಗೊಂದು ಬರುತ್ತದೆ, ಆಗ ಆ 3.18 ಎರಡರ ಹತ್ತಿರಕ್ಕೆ ಇಳಿಯುತ್ತದೆ. ಒಂದೇ ಕಂಪನಿಯ ಒಂದೇ ಮಾಡೆಲ್ ಮಿಷಿನ್‌ಗಳು ಹೇಗೆ ಸರಿಯುತ್ತವೆ ಅಂತ ಒಟ್ಟಿಗೆ ನೋಡಬಹುದಾದ್ದರಿಂದ, ಹೊಸದಾಗಿ ಮಿಷಿನ್ ತಂದ ಲ್ಯಾಬ್‌ಗೆ ಮೊದಲ ವರ್ಷವೇ ಒಂದು ಅಂದಾಜು ಸಿಗುತ್ತದೆ.

ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿ ಡಿಜಿಟಲ್ ಸರ್ಟಿಫಿಕೇಟ್ ಮಾಡುತ್ತಿದೆ, ಕಂಪ್ಯೂಟರ್ ನೇರವಾಗಿ ಓದಿಕೊಳ್ಳುವ ಎಕ್ಸ್‌ಎಂಎಲ್ ಫೈಲ್ ಅದು. ಅದು ನಮ್ಮೂರಿಗೆ ಬರುವ ತನಕ ಕಾಯಬೇಕಿಲ್ಲ. ಮುಂದಿನ ಸಲ ಕ್ಯಾಲಿಬ್ರೇಷನ್‌ಗೆ ಬರುವವರ ಹತ್ತಿರ ವರ್ಕ್ ಆರ್ಡರ್‌ನಲ್ಲೇ ಬರೆದು ಕೇಳಿ: 15 ರೀಡಿಂಗ್‌ಗಳೂ ಬಿಡಿಬಿಡಿಯಾಗಿ ಎಕ್ಸೆಲ್‌ನಲ್ಲಿ ಬೇಕು, ಸರಾಸರಿ ಮಾತ್ರ ಸಾಲದು. ತಿದ್ದುವ ಮೊದಲಿನ ರೀಡಿಂಗ್ ಬೇಕು. ಆವತ್ತಿನ ಉಷ್ಣತೆ ಬೇಕು. 200 ಮತ್ತು 300ರಲ್ಲಿ ಒಂದೊಂದು ಬಿಂದು, 600ರಲ್ಲಿ ಒಂದು ಬಿಂದು ಹೆಚ್ಚಿಗೆ ತೆಗೆಯಬೇಕು, ಯಾಕಂದರೆ ನಮ್ಮ ಕ್ಯೂಬ್‌ಗಳು ಒಡೆಯುವುದು ಅಲ್ಲೇ. ಇದಕ್ಕೆ ಇನ್ನೊಂದಿಷ್ಟು ಹೊತ್ತು ಹಿಡಿಯುತ್ತದೆ, ಸ್ವಲ್ಪ ದುಡ್ಡೂ ಜಾಸ್ತಿ ಕೇಳಬಹುದು. ಕೊಡಿ.